ಬಿಂದುವಿನಾಚೆಯ ನೆಲ

ಲೆಕ್ಕದ ಫಾರ್ಮಿನಲ್ಲಿ ತಪ್ಪು ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮೊತ್ತ ಬರಬೇಕಾದ ಚೌಕದಲ್ಲಿ ‘ಎರರ್’ ಎಂದು ಕೂಗಿ ಹೇಳುವ ತಪ್ಪು. ಇನ್ನೊಂದು, ಒಪ್ಪವಾದ ಅಂಕಿಯ ವೇಷದಲ್ಲಿ ಬಂದು ಸುಮ್ಮನೆ ಕೂತುಬಿಡುವ ತಪ್ಪು. ಈ ಎರಡರಲ್ಲಿ ನಾನು ಹೆಚ್ಚು ಹೆದರುತ್ತಿದ್ದುದು ಯಾವುದಕ್ಕೆ ಎಂದು ನನ್ನನ್ನೇ ಕೇಳಿಕೊಂಡಾಗ ಸಿಕ್ಕ ಉತ್ತರ ಹಿತವಾಗಿರಲಿಲ್ಲ. ನಾನು ಹೆದರುತ್ತಿದ್ದುದು ಕೂಗುವ ತಪ್ಪಿಗೆ. ಅಂಗಡಿಯ ಸಾವ್ಕಾರರು ಅದನ್ನು ನೋಡುತ್ತಾರೆ, ಫೋನ್ ಮಾಡುತ್ತಾರೆ, ಗುಮಾಸ್ತರ ಎದುರು ನನ್ನ ಹೆಸರು ಹೇಳುತ್ತಾರೆ. ಸುಮ್ಮನಿರುವ ತಪ್ಪಿಗೆ ಯಾರೂ ಫೋನ್ ಮಾಡುವುದಿಲ್ಲ. ಅಲ್ಲಿ ಹೋಗುವುದು ನನ್ನ ಮಾನವಲ್ಲ, ಬೇರೆ ಯಾರದೋ ನೆಲ, ಧಾನ್ಯ, ದುಡ್ಡು.

ಸಿಂಧನೂರು, ಲಿಂಗಸುಗೂರು, ಮಸ್ಕಿಯ ದಲಾಲಿ ಅಂಗಡಿ, ಬೀಜ ಗೊಬ್ಬರದ ಅಂಗಡಿ, ಸಣ್ಣ ಸಂಘಗಳಿಗೆ ಮೈಕ್ರೋಸಾಫ್ಟ್ ಆ್ಯಕ್ಸೆಸ್‌ನಲ್ಲಿ ಲೆಕ್ಕದ ಫಾರ್ಮ್ ಕಟ್ಟಿಕೊಡುವುದು ನನ್ನ ಕಸುಬು. ಯಾವ ರೈತನ ಎಷ್ಟು ಚೀಲ ಬಂತು, ತೂಕ ಎಷ್ಟು, ಹಮಾಲಿ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡರು, ಕೈಗೆ ಎಷ್ಟು ಕೊಟ್ಟರು ಎಂಬ ಲೆಕ್ಕ. ಇಂಥ ಫಾರ್ಮಿನಲ್ಲಿ ಪ್ರತಿ ಚೌಕಕ್ಕೂ ಒಂದು ಡೇಟಾ ಟೈಪ್ ಇರುತ್ತದೆ. ಒಳಗೆ ಬೀಳುವುದು ಅಕ್ಷರವೋ, ಎಣಿಕೆಯೋ, ತಾರೀಖೋ, ಹಣವೋ ಎಂದು ಮೊದಲೇ ಹೇಳಿಡಬೇಕು. ಹೇಳದಿದ್ದರೆ ಯಂತ್ರ ತನಗೆ ತಿಳಿದಂತೆ ತೀರ್ಮಾನಿಸುತ್ತದೆ.

ಎಲ್ಲರಿಗೂ ಮೊದಲು ಎದುರಾಗುವ ಉದಾಹರಣೆ ಕೂಡುವ ಚಿಹ್ನೆಯದು. ಯಾವ ಟೇಬಲ್ಲಿಗೂ ಜೋಡಿಸದ ಎರಡು ಚೌಕ ಇಟ್ಟು, ಚೀಲದ ಎಣಿಕೆಯೆಂದು ಒಂದರಲ್ಲಿ 12, ಇನ್ನೊಂದರಲ್ಲಿ 8 ಬರೆದು ಕೂಡಿಸು ಎಂದರೆ 20ರ ಬದಲು 128 ಎಂದು ಬರಬಹುದು. ಎರಡನ್ನೂ ಅಕ್ಷರಗಳೆಂದು ತಿಳಿದ ಯಂತ್ರ ಒಂದರ ಪಕ್ಕ ಒಂದನ್ನು ಅಂಟಿಸಿರುತ್ತದೆ. ಆ ಚೌಕಗಳಿಗೆ ಸಂಖ್ಯೆಯ ಫಾರ್ಮ್ಯಾಟ್ ಕೊಟ್ಟರೆ, ಇಲ್ಲವೇ ಕೂಡುವ ಮೊದಲು ಸಂಖ್ಯೆಗೆ ಪರಿವರ್ತಿಸಿದರೆ, ಸರಿಹೋಗುತ್ತದೆ. ಈ ತಪ್ಪಿನಿಂದ ಯಾರಿಗೂ ನಷ್ಟವಾಗುವುದಿಲ್ಲ. 20 ಚೀಲ ಇಳಿಸಿದವನಿಗೆ 128 ಚೀಲದ ಪಟ್ಟಿ ಕೊಡುವ ಗುಮಾಸ್ತ ಯಾವ ಮಾರುಕಟ್ಟೆಯಲ್ಲೂ ಇಲ್ಲ. ನಷ್ಟವಾಗುವುದು ಅಂಕಿ ನಂಬುವಷ್ಟು ಹತ್ತಿರವಿದ್ದಾಗ.

ಹಾಗೆ ನಂಬಿಸುವ ಅಂಕಿ ನಮ್ಮ ಕಡೆ ನೆಲದ ಲೆಕ್ಕದಲ್ಲಿದೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ಜನ 2-20 ಎಂದೋ 2.20 ಎಂದೋ ಬರೆಯುತ್ತಾರೆ. ಬರೆಯುವವನಿಗೂ ಓದುವವನಿಗೂ ಅದು ಎರಡೂವರೆ ಎಕರೆ ಎಂಬುದರಲ್ಲಿ ಸಂಶಯವಿರುವುದಿಲ್ಲ. ಅದೇ 2.20ಯನ್ನು ದಶಮಾಂಶದ ಫೀಲ್ಡಿಗೆ ಹಾಕಿದರೆ ಯಂತ್ರಕ್ಕೆ ಅದು ಎರಡು ಎಕರೆ ಮತ್ತು ಎಕರೆಯ ಐದನೇ ಒಂದು ಪಾಲು. 2.20ಕ್ಕೆ 1.30 ಕೂಡಿಸಿದರೆ ಪರದೆ 3.5 ಎನ್ನುತ್ತದೆ. ನಿಜವಾಗಿ ಅದು ನಾಲ್ಕು ಎಕರೆ ಹತ್ತು ಗುಂಟೆ. ಮೂವತ್ತು ಗುಂಟೆ ನೆಲ ಯಾರ ಕಣ್ಣಿಗೂ ಬೀಳದೆ ಕರಗಿರುತ್ತದೆ. ಎಕರೆಗೆ 40,000 ರೂಪಾಯಿ ಮುಂಗಡ ಎಂದಿಟ್ಟುಕೊಳ್ಳಿ. ಎರಡು ಎಕರೆ ಇಪ್ಪತ್ತು ಗುಂಟೆಯವನಿಗೆ 1,00,000 ಬರಬೇಕು, ಫಾರ್ಮ್ 88,000 ತೋರಿಸುತ್ತದೆ. 12,000 ಎಲ್ಲಿ ಹೋಯಿತು ಎಂದು ಫಾರ್ಮ್ ಹೇಳುವುದಿಲ್ಲ, ಕೇಳುವವರಿಗೆ ಫಾರ್ಮಿನ ಒಳಗು ತಿಳಿಯದು.

ಇದಕ್ಕಿಂತ ಕಷ್ಟದ್ದು ಸೊನ್ನೆಯ ವಿಷಯ. ಒಂದು ಎಕರೆ ಇಪ್ಪತ್ತು ಗುಂಟೆಯನ್ನು 1.20 ಎಂದು ಹೊಡೆದರೆ ಸಂಖ್ಯೆಯ ಫೀಲ್ಡು ಕೊನೆಯ ಸೊನ್ನೆಯನ್ನು ಇಟ್ಟುಕೊಳ್ಳುವುದಿಲ್ಲ. ಉಳಿಯುವುದು 1.2. ಮುಂದೆ ಅದನ್ನು ಓದುವವನು ಒಂದು ಎಕರೆ ಎರಡು ಗುಂಟೆ ಎಂದುಕೊಳ್ಳಬಹುದು. ಹದಿನೆಂಟು ಗುಂಟೆ, ಹತ್ತಿರಹತ್ತಿರ ಅರ್ಧ ಎಕರೆ, ಒಂದು ಸೊನ್ನೆಯ ಜೊತೆಗೇ ಹೋಗುತ್ತದೆ. ಇಂಥ ಒಂದು ಪಟ್ಟಿಯನ್ನು ಕೈಯಲ್ಲಿ ಹಿಡಿದು ಹಿರಿಯ ರೈತರೊಬ್ಬರು ನನ್ನನ್ನು ಕೇಳಿದ್ದು ನೆನಪಿದೆ: “ತಮ್ಮಾ, ನಂದು ಇಪ್ಪತ್ತು ಗುಂಟೆ ಐತಿ. ಇದರಾಗ ಎರಡಂತ ಬರದೀರಲ್ಲ, ಹ್ಯಾಂಗ?” ನಾನು ಕೊಟ್ಟ ಉತ್ತರ, “ಮುತ್ಯಾ, ಅದು ಕಂಪ್ಯೂಟರ್ ತೋರಸೋ ರೀತಿ ಐತ್ರಿ, ಒಳಗ ಬರೋಬರಿ ಇರತೈತಿ.” ಒಳಗೂ ಸರಿ ಇರಲಿಲ್ಲ. ಅವರ ಪ್ರಶ್ನೆಯಲ್ಲಿ ಡೇಟಾ ಟೈಪಿನ ಇಡೀ ತಿಳಿವಳಿಕೆ ಇತ್ತು. ಇಪ್ಪತ್ತು ಗುಂಟೆ ಒಂದು ಎಣಿಕೆ, ಅದನ್ನು ಎಕರೆಯ ಬಾಲಕ್ಕೆ ಕಟ್ಟಬಾರದು ಎಂಬುದನ್ನೇ ಅವರು ಹೇಳುತ್ತಿದ್ದರು. ಶಾಲೆಯ ಮೆಟ್ಟಿಲು ಹತ್ತದವರೂ ನಮ್ಮಲ್ಲಿ ಎರಡು ಎಕರೆ ಇಪ್ಪತ್ತಕ್ಕೆ ಒಂದು ಎಕರೆ ಮೂವತ್ತು ಕೂಡಿಸಿ, ನಲವತ್ತು ತುಂಬಿದ ಕೂಡಲೇ ಎಕರೆಗೆ ಏರಿಸಿ, ಉಸಿರು ಬಿಡುವಷ್ಟರಲ್ಲಿ ನಾಲ್ಕು ಹತ್ತು ಎನ್ನುತ್ತಾರೆ. ಆ ಬಾಯಿಲೆಕ್ಕವನ್ನು ನಾನು ಹಳೆಯ ಕಾಲದ್ದೆಂದು ಬದಿಗಿಟ್ಟಿದ್ದೆ. ನನ್ನ ಸೂತ್ರಕ್ಕಿಂತ ಅದು ಗಟ್ಟಿಯಾಗಿತ್ತು.

ಸರಿಪಡಿಸುವ ದಾರಿ ದೊಡ್ಡದೇನಲ್ಲ. ಎಕರೆಗೆ ಒಂದು ಚೌಕ, ಗುಂಟೆಗೆ ಒಂದು ಚೌಕ, ಬೇಕಾದರೆ ಆಣೆಗೆ ಇನ್ನೊಂದು. ಮೂರರಲ್ಲೂ ಪೂರ್ಣಾಂಕ. ಗುಂಟೆಯ ಚೌಕ 39 ದಾಟಿದರೆ, ಆಣೆಯ ಚೌಕ 15 ದಾಟಿದರೆ ಫಾರ್ಮ್ ಒಪ್ಪಬಾರದು. ಕೂಡುವ ಮೊದಲು ಎಕರೆಯನ್ನು 40ರಿಂದ ಗುಣಿಸಿ ಎಲ್ಲವನ್ನೂ ಗುಂಟೆಗೆ ತರಬೇಕು, ಕೊನೆಯಲ್ಲಿ 40ರಿಂದ ಭಾಗಿಸಿ ಎಕರೆಯಾಗಿ ತೋರಿಸಬೇಕು. ಪಹಣಿಯಲ್ಲೂ ಎಕರೆ, ಗುಂಟೆ, ಆಣೆ ಬೇರೆಬೇರೆಯಾಗಿಯೇ ನಿಲ್ಲುತ್ತವೆ. ‘ಭೂಮಿ’ ಯೋಜನೆಯಲ್ಲಿ ಕಂದಾಯ ಇಲಾಖೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಾಗ ಊರವರ ಈ ಅಳತೆಯನ್ನು ಉಳಿಸಿಕೊಂಡಿತು. ಕಣ್ಣೆದುರಿನ ಪಹಣಿ ನೋಡಿ ಕಲಿಯಬಹುದಾಗಿದ್ದನ್ನು ನಾನು ಕಲಿಯದಿರುವುದಕ್ಕೆ ಕಾರಣ ಒಂದೇ: ಒಂದು ಚೌಕ ಸಾಕಾಗುವಲ್ಲಿ ಎರಡು ಚೌಕ ಇಡುವುದು ನನಗೆ ಅಂದಗೆಟ್ಟ ಕೆಲಸವಾಗಿ ಕಂಡಿತ್ತು.

ಸಿಂಧನೂರಿನಲ್ಲಿ ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ. 1953ರಲ್ಲಿ ತುಂಗಭದ್ರಾ ಜಲಾಶಯದಲ್ಲಿ ನೀರು ನಿಂತು, ಎಡದಂಡೆ ಕಾಲುವೆ ನಮ್ಮ ಒಣನೆಲಕ್ಕೆ ಬಂದ ಮೇಲೆ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿ ಭತ್ತ ಬೆಳೆದರು. ಅವರ ಹುಟ್ಟೂರಿನ ಅಳತೆಯಲ್ಲಿ ಎಕರೆಗೆ 100 ಸೆಂಟು. ಸೆಂಟಿನ ಲೆಕ್ಕದವರು 2.20 ಎಂದು ಬರೆದರೆ ಅದು ನಿಜವಾದ ದಶಮಾಂಶ. ನಮ್ಮ ಗುಂಟೆಗೆ ತಂದರೆ ಎರಡು ಎಕರೆ ಎಂಟು ಗುಂಟೆ. ಪಕ್ಕದ ಹಳ್ಳಿಯವರು ಅದೇ 2.20 ಬರೆದರೆ ಎರಡೂವರೆ ಎಕರೆ. ಒಂದೇ ಅಂಗಡಿ, ಒಂದೇ ಫಾರ್ಮು, ಒಂದೇ ಅಂಕಿ, ನಡುವೆ ಹನ್ನೆರಡು ಗುಂಟೆಯ ಅಂತರ. ಯಂತ್ರ ಎಷ್ಟು ಜಾಣವಾದರೂ ಅಂಕಿಯನ್ನು ನೋಡಿ ಇದನ್ನು ಹೇಳಲಾರದು. ಹೇಳಬೇಕಾದರೆ ಯಾರೋ ಒಬ್ಬರು ಎದುರಿಗಿರುವ ಮನುಷ್ಯನನ್ನು ಕೇಳಿರಬೇಕು.

ಮಸ್ಕಿಗೆ ಹೋದಾಗ ಇದೇ ಯೋಚನೆ ಬೆಟ್ಟದ ಬುಡದ ಅಶೋಕನ ಶಾಸನದ ಬಳಿ ನನ್ನನ್ನು ನಿಲ್ಲಿಸಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅದನ್ನು ಕಂಡುಹಿಡಿದರು. ಅಲ್ಲಿಯವರೆಗೆ ದೇಶದುದ್ದಕ್ಕೂ ಸಿಕ್ಕಿದ್ದ ಆ ರಾಜನ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂಬ ಬಿರುದುಗಳಿದ್ದವು. ಅವನು ಅಶೋಕನೇ ಎಂದು ವಿದ್ವಾಂಸರು ಸಿಂಹಳದ ಗ್ರಂಥಗಳ ನೆರವಿನಿಂದ ತರ್ಕಿಸಿದ್ದರು. ಮಸ್ಕಿಯ ಕಲ್ಲಿನಲ್ಲಿ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರಿತ್ತು, ತರ್ಕಕ್ಕೆ ಆಧಾರ ಸಿಕ್ಕಿತು. ಬರೆದವನಿಗೆ ಗೊತ್ತಿದ್ದದ್ದು ಓದುವವನಿಗೂ ಗೊತ್ತಿರುತ್ತದೆ ಎಂದು ನಂಬಿ ಬಿಟ್ಟ ಒಂದು ಹೆಸರಿಗಾಗಿ ಎಷ್ಟು ಕಾಲ ಹುಡುಕಬೇಕಾಯಿತು! ನಾನು ಕಟ್ಟುವ ಟೇಬಲ್ಲುಗಳಿಗೆ ಅಷ್ಟು ಆಯುಷ್ಯ ಬೇಡ. ಆದರೆ ಅಳತೆಯ ಹೆಸರಿಲ್ಲದೆ ನಾನು ಬಿಟ್ಟ ಅಂಕಿಯನ್ನು ಹತ್ತು ವರ್ಷದ ಮೇಲೆ ಓದುವವನಿಗೂ ಅದೇ ಕಷ್ಟ.

ತೂಕದಲ್ಲಿ ಇನ್ನೊಂದು ಬಗೆಯ ಮೌನವಿದೆ. ಆ್ಯಕ್ಸೆಸ್‌ನಲ್ಲಿ ಫೀಲ್ಡಿಗೆ ‘ನಂಬರ್’ ಎಂದಷ್ಟೇ ಹೇಳಿ ಬಿಟ್ಟರೆ ಅದು ತಾನಾಗಿ ‘ಲಾಂಗ್ ಇಂಟೀಜರ್’ ಆಗಿಬಿಡುತ್ತದೆ, ಪೂರ್ಣಾಂಕವನ್ನು ಮಾತ್ರ ಇಟ್ಟುಕೊಳ್ಳುತ್ತದೆ. 7.35 ಕ್ವಿಂಟಲ್ ಎಂದು ಹೊಡೆದು ಎಂಟರ್ ಒತ್ತಿದರೆ 7 ಉಳಿಯುತ್ತದೆ. 35 ಕಿಲೋ ಭತ್ತಕ್ಕೆ ಒಂದು ಸದ್ದೂ ಇಲ್ಲ. ಲಿಂಗಸುಗೂರಿನ ಪಕ್ಕದಲ್ಲೇ ಹಟ್ಟಿ ಇದೆ. ಅಲ್ಲಿ ಒಂದು ಟನ್ ಅದಿರಿನೊಳಗಿನ ಕೆಲವೇ ಗ್ರಾಂ ಚಿನ್ನಕ್ಕಾಗಿ ಜನ ನೆಲದ ಆಳಕ್ಕೆ ಇಳಿಯುತ್ತಾರೆ. ಬಿಂದುವಿನ ಆಚೆಯ ಅಂಕಿಗೆ ಬೆಲೆ ಇದೆ ಎಂದು ನನಗೆ ಬೇರೆಯವರು ಕಲಿಸಬೇಕಿರಲಿಲ್ಲ. ತೂಕಕ್ಕೆ ದಶಮಾಂಶದ ಟೈಪು, ಹಣಕ್ಕೆ ‘ಕರೆನ್ಸಿ’ ಟೈಪು ಎಂದು ಇಟ್ಟರೆ ಇದು ಬಗೆಹರಿಯುತ್ತದೆ. ಸರ್ವೆ ನಂಬರು, ಮೊಬೈಲ್ ನಂಬರು, ಆಧಾರ್ ನಂಬರು ಅಂಕಿಗಳಂತೆ ಕಂಡರೂ ಕೂಡಿ ಕಳೆಯುವಂಥವಲ್ಲ, ಅವನ್ನು ಅಕ್ಷರವಾಗಿಯೇ ಇಡಬೇಕು. ಹನ್ನೆರಡು ಅಂಕಿಯ ಆಧಾರ್ ಲಾಂಗ್ ಇಂಟೀಜರ್‌ನಲ್ಲಿ ಹಿಡಿಸುವುದೂ ಇಲ್ಲ, ಅದರ ಮಿತಿ 2,14,74,83,647.

ನನ್ನ ಮನಸ್ಸಿನ ವಾಲುವಿಕೆ ನನಗೆ ಅತಿ ಸ್ಪಷ್ಟವಾಗಿ ಕಂಡದ್ದು ಖಾಲಿ ಚೌಕದಲ್ಲಿ. ಆ್ಯಕ್ಸೆಸ್‌ನಲ್ಲಿ ಏನೂ ತುಂಬದ ಚೌಕ ಸೊನ್ನೆಯಲ್ಲ, ‘ನಲ್’. ಅದನ್ನು ಯಾವುದಕ್ಕೆ ಕೂಡಿಸಿದರೂ ಮೊತ್ತವೇ ಖಾಲಿಯಾಗುತ್ತದೆ. ಹಮಾಲಿಯ ಚೌಕ ತುಂಬದಿದ್ದರೆ ಇಡೀ ಪಟ್ಟಿಯ ಮೊತ್ತ ಕಾಣುವುದಿಲ್ಲ. ಇದಕ್ಕೆ ‘ಎನ್‌ಝಡ್’ ಎಂಬ ಫಂಕ್ಷನ್ ಇದೆ, ಖಾಲಿಯ ಜಾಗದಲ್ಲಿ ಸೊನ್ನೆ ಇಟ್ಟುಕೊಡುತ್ತದೆ. ಹಮಾಲಿ ನಿಜಕ್ಕೂ ಇಲ್ಲದಿದ್ದಾಗ ಅದು ಸರಿ. ಆದರೆ ತೇವಾಂಶದ ಚೌಕ? ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವಾಂಶ ಶೇಕಡಾ 17 ಮೀರಬಾರದು. ಮೂರು ರಾಶಿಯಲ್ಲಿ ಒಂದಕ್ಕೆ 16, ಒಂದಕ್ಕೆ 18, ಇನ್ನೊಂದನ್ನು ಅಳೆದೇ ಇಲ್ಲ ಎನ್ನಿ. ಅಳೆದ ಎರಡರ ಸರಾಸರಿ 17. ಅಳೆಯದ್ದನ್ನು ಸೊನ್ನೆ ಮಾಡಿದರೆ ಸರಾಸರಿ 11.33. ಅಳೆದಿಲ್ಲ ಎಂಬ ಸತ್ಯ, ಒಣಗಿದೆ ಎಂಬ ಸುಳ್ಳಾಗಿ ಬದಲಾಯಿತು. ನಾನು ಎಲ್ಲ ಚೌಕಕ್ಕೂ ಎನ್‌ಝಡ್ ಸುತ್ತಿಬಿಡುವುದಕ್ಕೆ ಒಗ್ಗಿಹೋಗಿದ್ದೆ. ಪರದೆ ಶಾಂತವಾಗುತ್ತಿತ್ತು, ಸಾವ್ಕಾರರು ಮೆಚ್ಚುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ತೋರಿಸುವ ಫಾರ್ಮ್ ನನಗೆ ಅಪೂರ್ಣ ಕೆಲಸದಂತೆ ಕಾಣುತ್ತಿತ್ತು. ಇದು ಫಾರ್ಮಿಗಷ್ಟೇ ಸೀಮಿತವಾದ ಗುಣವಲ್ಲ. ಗೊತ್ತಿಲ್ಲ ಎನ್ನುವ ಕಡೆ ಏನಾದರೊಂದು ಹೇಳಿ ಮಾತು ಮುಗಿಸುವುದು ನನ್ನ ದಿನದ ನಡೆಯಲ್ಲೂ ಇದೆ.

ಕನ್ನಡ ಅಂಕಿಗಳ ವಿಷಯದಲ್ಲಿ ನನಗೆ ಇನ್ನೂ ಹೆಚ್ಚು ನೋವಿದೆ. ‘ನುಡಿ’ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ‘ಕೆ’ ಗುರುತಿನವು ಕಣ್ಣಿಗೆ ೪೫ ತೋರಿಸುತ್ತಿದ್ದವು, ಯಂತ್ರದ ಒಳಗೆ ಇರುತ್ತಿದ್ದುದು 45ರ ಸಂಕೇತವೇ. ಲೆಕ್ಕ ನಡೆಯುತ್ತಿತ್ತು. ಯೂನಿಕೋಡ್ ಬಂದು ಕನ್ನಡದ ಅಂಕಿಗಳಿಗೆ ಅವುಗಳದ್ದೇ ಸ್ಥಾನ ಸಿಕ್ಕಿತು. ಅದು ಆಗಬೇಕಾದದ್ದೇ. ಆದರೆ ಆ್ಯಕ್ಸೆಸ್‌ನ ‘ವ್ಯಾಲ್’ ಫಂಕ್ಷನ್ನಿಗೆ ೪೫ ಕೊಟ್ಟರೆ ಸೊನ್ನೆ ಬರುತ್ತದೆ. ಕನ್ನಡ ಅಂಕಿ ಅದಕ್ಕೆ ಬರೀ ಅಕ್ಷರ. ಗುಮಾಸ್ತರು ಕನ್ನಡ ಅಂಕಿ ಹೊಡೆದಾಗ ನಾನು ಹೇಳುತ್ತಿದ್ದುದು, “ಅಣ್ಣಾರ, ಇಂಗ್ಲಿಷ್ ಅಂಕಿ ಹೊಡೀರಿ.” ಹತ್ತು ಅಂಕಿಗಳನ್ನು ಒಂದೊಂದಾಗಿ ಬದಲಿಸಿಕೊಳ್ಳುವ ಸಣ್ಣ ಫಂಕ್ಷನ್ ಬರೆದಿದ್ದರೆ ಅವರು ತಮ್ಮ ಕೈಯ ಅಭ್ಯಾಸ ಬದಲಿಸಬೇಕಿರಲಿಲ್ಲ. ಕೆಲವೇ ಸಾಲಿನ ಕೆಲಸ. ಬಗ್ಗಬೇಕಾದದ್ದು ಫಾರ್ಮು, ಆದರೆ ಬಗ್ಗಿಸಲು ಸುಲಭವೆಂದು ನಾನು ಮನುಷ್ಯರನ್ನು ಬಗ್ಗಿಸಿದೆ. ಅವರು ನನ್ನನ್ನು ತಿಳಿದವನೆಂದು ಗೌರವಿಸಿ ಬಗ್ಗಿದರು. ಆ ಗೌರವಕ್ಕೆ ತಕ್ಕ ಶ್ರಮ ನನ್ನ ಕಡೆಯಿಂದ ಹೋಗಿರಲಿಲ್ಲ.

ಈಗ ಫಾರ್ಮ್ ಕಟ್ಟುವ ಮೊದಲು ಕಂಪ್ಯೂಟರ್ ತೆರೆಯುವುದಿಲ್ಲ. ಅಂಗಡಿಯಲ್ಲಿ ಕೂತು ಗುಮಾಸ್ತರು ಪಟ್ಟಿ ಬರೆಯುವುದನ್ನು, ರೈತರು ಬಾಯಲ್ಲಿ ಲೆಕ್ಕ ಹೇಳುವುದನ್ನು ಕೇಳುತ್ತೇನೆ. ಚೀಲ ಎಂದರೆ ಎಷ್ಟು ಕಿಲೋ ಎಂದು ಪ್ರತಿ ಅಂಗಡಿಯಲ್ಲೂ ಕೇಳುತ್ತೇನೆ. ನಮ್ಮ ಭತ್ತದ ವಹಿವಾಟಿನಲ್ಲಿ 75 ಕಿಲೋ ಚೀಲ ರೂಢಿಯಲ್ಲಿದ್ದರೂ ಕೇಳುತ್ತೇನೆ. ಗುಂಟೆಯ ಚೌಕಕ್ಕೆ 45 ಬಿದ್ದರೆ ಫಾರ್ಮ್ ತಡೆಯುತ್ತದೆ, “ಗುಂಟೆ 39ಕ್ಕಿಂತ ಹೆಚ್ಚಿರಬಾರದು, ಎಕರೆಗೆ ಸೇರಿಸಿ” ಎಂದು ಕನ್ನಡದಲ್ಲೇ ಹೇಳುತ್ತದೆ. ತೇವಾಂಶ ಅಳೆಯದಿದ್ದರೆ “ಅಳೆದಿಲ್ಲ” ಎಂದೇ ಕಾಣುತ್ತದೆ. ನನ್ನ ಫಾರ್ಮುಗಳು ಈಗ ಮೊದಲಿಗಿಂತ ಹೆಚ್ಚು ಸಲ ತಡೆಯುತ್ತವೆ, ಫೋನೂ ಹೆಚ್ಚು ಬರುತ್ತದೆ. ಆ ಫೋನು ನನಗೆ ಬರುವುದೇ ನ್ಯಾಯ.

ಹಳೆಯ ದಾಖಲೆಗಳು ಮಾತ್ರ ಉಳಿದಿವೆ. ಟೇಬಲ್ಲಿನಲ್ಲಿ 1.2 ಎಂದು ಕೂತಿರುವುದು ಎರಡು ಗುಂಟೆಯೋ, ಇಪ್ಪತ್ತು ಗುಂಟೆಯೋ, ಇಪ್ಪತ್ತು ಸೆಂಟೋ ಎಂದು ಯಾವ ಸೂತ್ರವೂ ಹೇಳಲಾರದು. ಮೂರರಲ್ಲಿ ಒಂದನ್ನು ಊಹಿಸಿ ಒಂದೇ ಕ್ವೆರಿಯಲ್ಲಿ ಎಲ್ಲವನ್ನೂ ಬದಲಿಸಿಬಿಟ್ಟರೆ ಪರದೆ ಮತ್ತೆ ಚೊಕ್ಕಟವಾಗುತ್ತದೆ. ಆ ಆಸೆ ಇನ್ನೂ ನನ್ನೊಳಗಿದೆ, ಇಲ್ಲವೆಂದು ಹೇಳಲಾರೆ. ಅದನ್ನು ಮೀರುವ ದಾರಿ ಒಂದೇ: ಆ ಸಾಲುಗಳನ್ನು ಬೇರೆಯಾಗಿ ತೆಗೆದು, ಒಂದೊಂದರ ಪಹಣಿ ತರಿಸಿ, ಪಹಣಿಯಿಂದ ತಿಳಿಯದಿದ್ದರೆ ಆ ರೈತನನ್ನೇ ಕೇಳಿ ತುಂಬುವುದು. ನಿಧಾನದ ಕೆಲಸ, ಯಾರೂ ಇದಕ್ಕೆ ಕೂಲಿ ಕೊಡುವುದಿಲ್ಲ. ಕೇಳದೆ ಬರೆದ ಅಂಕಿಯನ್ನು ಕೇಳಿಯೇ ತಿದ್ದಬೇಕು.