ಸ್ಟೀವ್ ಹ್ಯಾರಿಸ್ ತಂತಿ, ಊರ್ಡಿಗೆರೆಯ ಬೆರಳು

ನಮ್ಮ ಕಡೆ ಬೇಸ್ ಗಿಟಾರ್ ಬರುವುದು ಗಣಪತಿಯ ಜೊತೆಗೆ. ಹಬ್ಬ ಬಂತೆಂದರೆ ತುಮಕೂರು ಜಿಲ್ಲೆಯ ಊರ್ಡಿಗೆರೆ ಸುತ್ತಮುತ್ತಲ ಹಳ್ಳಿಗಳಲ್ಲಿ ಪೆಂಡಾಲು ಏಳುತ್ತದೆ, ತುಮಕೂರಿನಿಂದಲೋ ಬೆಂಗಳೂರಿನಿಂದಲೋ ಆರ್ಕೆಸ್ಟ್ರಾ ಬರುತ್ತದೆ, ರಾತ್ರಿ ರಸಮಂಜರಿ. ಜನ ಹಾಡುವವರನ್ನು ನೋಡುತ್ತಾರೆ, ಡ್ರಮ್ಸಿನವನಿಗೆ ಶಿಳ್ಳೆ ಹೊಡೆಯುತ್ತಾರೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿ ಮೀಟುವವನ ಕಡೆ ಕಣ್ಣು ಹೋಗುವುದು ಕಡಿಮೆ. ಅವನು ಕೈ ನಿಲ್ಲಿಸಿದರೆ ಮಾತ್ರ ಹಾಡು ಪೊಳ್ಳಾಯಿತೆಂದು ಎಲ್ಲರಿಗೂ ಗೊತ್ತಾಗುತ್ತದೆ. ಇಳಯರಾಜ ಸಂಗೀತ ಕೊಟ್ಟ 1981ರ ‘ಗೀತಾ’ ಚಿತ್ರದ ಹಾಡುಗಳನ್ನು ನುಡಿಸುವಾಗ ಈ ಮಾತು ಎಷ್ಟು ನಿಜ ಎಂದು ನನ್ನ ಬೆರಳಿಗೆ ಗೊತ್ತು.

ನಾನು ನುಡಿಸುವುದು ಸಿನಿಮಾ ಹಾಡು. ಕಿವಿಯಲ್ಲಿ ಕೂತಿರುವುದು ಸ್ಟೀವ್ ಹ್ಯಾರಿಸ್. 1975ರಲ್ಲಿ ಲಂಡನ್ನಿನಲ್ಲಿ ಐರನ್ ಮೇಡನ್ ಎಂಬ ಹೆವಿ ಮೆಟಲ್ ತಂಡ ಕಟ್ಟಿ, ಇವತ್ತಿಗೂ ಅದರ ಬೇಸ್ ಹೊತ್ತಿರುವವರು. 2007ರ ಮಾರ್ಚ್ 17ರಂದು ಅವರು ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ದೇಶದ ಮೂಲೆಮೂಲೆಯಿಂದ ಹುಡುಗರು ಕಪ್ಪು ಅಂಗಿ ತೊಟ್ಟು ಬಂದಿದ್ದರು. ಒಂದು ಉದ್ದದ ಪೆಟ್ಟು, ಹಿಂದೆಯೇ ಎರಡು ಚಿಕ್ಕ ಪೆಟ್ಟು, ಮತ್ತೆ ಉದ್ದದ್ದು: ಕುದುರೆಯ ನಾಗಾಲೋಟದಂಥ ಆ ನಡೆಯನ್ನು ಅವರು ಪ್ಲೆಕ್ಟ್ರಮ್ ಹಿಡಿಯದೆ ಬರಿಬೆರಳಲ್ಲೇ ನುಡಿಸುತ್ತಾರೆ. ಪ್ರತಿ ಪೆಟ್ಟಿನ ಮೊದಲಿಗೂ ಲೋಹದ ಒಂದು ‘ಟಣ್’ ಇರುತ್ತದೆ. ಆ ಟಣ್ ನನ್ನ ಗಿಟಾರಿನಲ್ಲೂ ಹುಟ್ಟಬೇಕು ಎಂಬ ಆಸೆಯಿಂದಲೇ ತಂತಿಗಳ ಬೆನ್ನು ಹತ್ತಿದೆ.

ಬೇಸ್ ತಂತಿಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಳಗಿನ ಉಕ್ಕಿನ ಎಳೆಯ ಮೇಲೆ ದುಂಡು ತಂತಿ ಸುತ್ತಿದರೆ ರೌಂಡ್‌ವೌಂಡ್; ಅದರ ಮೈ ತರಿತರಿ, ನಾದ ಚುರುಕು. ಚಪ್ಪಟೆ ಪಟ್ಟಿ ಸುತ್ತಿದರೆ ಫ್ಲಾಟ್‌ವೌಂಡ್. ಮೈ ನುಣುಪು, ನಾದ ಗುಂಡುಗುಂಡು. ಟಣ್ ಎನ್ನುವ ಸದ್ದು ಬೇಕಾದವನು ಕಣ್ಣುಮುಚ್ಚಿ ರೌಂಡ್‌ವೌಂಡ್ ಕಡೆ ಕೈಚಾಚುತ್ತಾನೆ. ಆದರೆ ಹ್ಯಾರಿಸ್ ಹಾಕುವುದು ಫ್ಲಾಟ್‌ವೌಂಡ್. ಇಂಗ್ಲೆಂಡಿನ ರೋಟೋಸೌಂಡ್ ಕಂಪನಿ ಅವರ ಹೆಸರಲ್ಲೇ ಒಂದು ಸೆಟ್ ಮಾಡುತ್ತದೆ. ಅದರ ಅಳತೆ 50, 75, 95, 110. ಅಂದರೆ ಅತಿ ದಪ್ಪದ ತಂತಿ ಒಂದು ಅಂಗುಲದ ಸಾವಿರ ಭಾಗದಲ್ಲಿ 110, ಸುಮಾರು 2.8 ಮಿಲಿಮೀಟರ್. ಸಾಮಾನ್ಯವಾಗಿ ಅಂಗಡಿಯಲ್ಲಿ ಸಿಗುವ ಸೆಟ್ 45ರಿಂದ 105ರವರೆಗಿನದು.

ಇದೇ ಫ್ಲಾಟ್‌ವೌಂಡ್ ಜಾತಿಯನ್ನು ಅಮೆರಿಕದ ಜೇಮ್ಸ್ ಜೇಮರ್ಸನ್ ಕೂಡ ಹಾಕುತ್ತಿದ್ದರು. 1960ರ ದಶಕದಲ್ಲಿ ಮೋಟೌನ್ ಕಂಪನಿಯ ಹಾಡುಗಳಿಗೆ ಬುನಾದಿ ಹಾಕಿದ ಕೈ ಅವರದು. ತಂತಿ ಕಡಿದುಹೋಗುವ ತನಕ ಅವರು ಬದಲಾಯಿಸುತ್ತಿರಲಿಲ್ಲ. ಬೆರಳ ಬೆವರು ಕುಡಿದು ಮಂದವಾದ ಆ ನಾದವೇ ಅವರಿಗೆ ಬೇಕಿತ್ತು. ಬಲಗೈಯ ತೋರುಬೆರಳು ಒಂದರಿಂದಲೇ ಮೀಟುತ್ತಿದ್ದರು. ಹ್ಯಾರಿಸ್ ಅವರಿಗಾದರೋ ಪ್ರತಿ ಕಛೇರಿಗೂ ಹೊಸ ತಂತಿ. ಜಾತಿ ಒಂದೇ, ಇಬ್ಬರೂ ಮೀಟಿದ್ದು ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರನ್ನೇ; ನಾದ ಮಾತ್ರ ಉತ್ತರ, ದಕ್ಷಿಣ.

ಹಾಗಾದರೆ ಆ ಟಣ್ ಎಲ್ಲಿಂದ ಬಂತು? ಗಟ್ಟಿಯಾಗಿ ಮೀಟಿದಾಗ ತಂತಿ ಬಗ್ಗಿ ಹೋಗಿ ಕತ್ತಿನ ಮೇಲೆ ಅಡ್ಡಲಾಗಿ ಕೂತ ಫ್ರೆಟ್ಟಿನ ಲೋಹಕ್ಕೆ ತಾಗುತ್ತದೆ. ಆ ತಾಗುವಿಕೆಯೇ ಟಣ್. ಇದು ನಮಗೆ ಹೊಸದೂ ಅಲ್ಲ. ನಮ್ಮ ಜಿಲ್ಲೆಯಲ್ಲಿ ತಂಬೂರಿ ಹಿಡಿದು ತತ್ವಪದ ಹಾಡುವವರು ಇದ್ದಾರೆ. ಸಂಗೀತ ಕಛೇರಿಯ ತಂಬೂರಿಯನ್ನೂ ನೋಡಿದ್ದೇವೆ. ಅಲ್ಲಿ ತಂತಿಗೂ ಅದು ಕೂರುವ ಕುದುರೆಗೂ ನಡುವೆ ಹತ್ತಿಯ ಒಂದು ಎಳೆ ಸಿಕ್ಕಿಸುತ್ತಾರೆ, ಜೀವಾಳ ಎಂದು ಕರೆಯುತ್ತಾರೆ. ಆ ಎಳೆಯನ್ನು ಕೂದಲೆಳೆಯಷ್ಟು ಸರಿಸಿದರೆ ತಂತಿ ಕುದುರೆಯನ್ನು ಸವರುವ ಬಗೆ ಬದಲಾಗಿ, ಮುಚ್ಚಿಕೊಂಡಿದ್ದ ಉಪಸ್ವರಗಳೆಲ್ಲ ಝೇಂಕರಿಸತೊಡಗುತ್ತವೆ. ತಂತಿ ಬದಲಾಗಿಲ್ಲ, ಶ್ರುತಿ ಬದಲಾಗಿಲ್ಲ. ತಾಗುವ ಬಗೆ ಬದಲಾಗಿದೆ.

ಈ ಉಪಸ್ವರಗಳನ್ನೇ ನಾವು ಬೇಸ್‌ನ ‘ಟೋನ್’ ಎಂದು ಪ್ರೀತಿಸುವುದು. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಅಷ್ಟು ಕೆಳಗಿನ ಸದ್ದು ಹೊರಡಿಸುವ ಶಕ್ತಿಯಿಲ್ಲ. ಮೇಲಿನ ಉಪಸ್ವರಗಳನ್ನು ಕೇಳಿ, ಕೆಳಗಿನ ಮಂದ್ರವನ್ನು ನಮ್ಮ ಕಿವಿಯೇ ಕಟ್ಟಿಕೊಳ್ಳುತ್ತದೆ. ಊರ್ಡಿಗೆರೆಯ ಬಸ್ ನಿಲ್ದಾಣದಲ್ಲಿ ಮೊಬೈಲಿನಲ್ಲಿ ಹ್ಯಾರಿಸ್ ಕೇಳಿ ಬೆರಗಾಗುವ ಹುಡುಗ ಕೇಳುತ್ತಿರುವುದು ಬಹುಪಾಲು ಆ ತಾಗುವಿಕೆಯನ್ನೇ.

ತಂತಿಗಾಗಿ ಮನುಷ್ಯ ಎಷ್ಟು ದೂರ ಹೋಗುತ್ತಾನೆ ಎನ್ನುವುದಕ್ಕೆ ‘ದಿ ಹೂ’ ರಾಕ್ ತಂಡದ ಬೇಸ್ ವಾದಕ ಜಾನ್ ಎಂಟ್‌ವಿಸಲ್ ಸಾಕ್ಷಿ. 1965ರ ‘ಮೈ ಜನರೇಶನ್’ ಹಾಡಿನಲ್ಲಿ ಬೇಸ್‌ಗೆಂದೇ ಬಿಟ್ಟ ಜಾಗವಿದೆ. ಅದಕ್ಕೆ ಬೇಕಾದ ಚುರುಕು ನಾದ ಡ್ಯಾನ್‌ಎಲೆಕ್ಟ್ರೋ ಗಿಟಾರಿನ ತಂತಿಯಲ್ಲಿ ಮಾತ್ರ ಇತ್ತು. ತಂತಿ ಕಡಿದರೆ ಬಿಡಿಯಾಗಿ ಸಿಗುತ್ತಿರಲಿಲ್ಲ. ಆದ್ದರಿಂದ ತಂತಿಗೋಸ್ಕರ ಇಡೀ ಗಿಟಾರನ್ನೇ ಮತ್ತೆ ಕೊಂಡೆ ಎಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಅವರು ರೋಟೋಸೌಂಡ್‌ನವರ ಜೊತೆ ಕೂತು ರೂಪಿಸಿಕೊಂಡ ರೌಂಡ್‌ವೌಂಡ್ ತಂತಿ ರಾಕ್ ಬೇಸ್‌ನ ದನಿಯನ್ನೇ ಬದಲಿಸಿತು. ಬೇಕಾದ ತಂತಿ ಸಿಗದ ಊರಲ್ಲಿ ಇರುವವನಿಗೆ ಈ ಕಥೆ ದೊಡ್ಡ ಧೈರ್ಯ.

ಹ್ಯಾರಿಸ್ ಅವರಂತೆ ನಾನೂ ದಪ್ಪ ಫ್ಲಾಟ್‌ವೌಂಡ್ ಆರಿಸಿಕೊಂಡದ್ದಕ್ಕೆ ಕಾರಣ ಇಷ್ಟೆ: ಜೋರಾಗಿ ಹೊಡೆದರೂ ಅದು ಸಡಿಲವಾಗಿ ಓಲಾಡದೆ ಬಿಗಿಯಾಗಿ ಹಿಂದಿರುಗುತ್ತದೆ. ಹಾಕುವಾಗ ಎರಡು ಕೆಲಸ ಮರೆಯಬಾರದು. ದಪ್ಪ ತಂತಿ ಕೂರುವಂತೆ ಕತ್ತಿನ ತುದಿಯ ಕಚ್ಚುಗಳನ್ನು ನುರಿತವರ ಕೈಯಲ್ಲಿ ಅಗಲಿಸಬೇಕು. ಹೆಚ್ಚಿದ ಎಳೆತಕ್ಕೆ ಕತ್ತು ಮುಂದೆ ಬಾಗುವುದರಿಂದ ಒಳಗಿನ ಕಂಬಿಯನ್ನು ಬಿಗಿಮಾಡಬೇಕು. ಆಮೇಲೆ ತಂತಿಯನ್ನು ಫ್ರೆಟ್ಟಿಗೆ ಹತ್ತಿರ ಇಳಿಸಬೇಕು, ಮೀಟುವ ಬೆರಳನ್ನು ಬಲಪಡಿಸಬೇಕು. ಹೊಸತರಲ್ಲಿ ಬೆರಳ ತುದಿ ಉರಿಯುತ್ತದೆ, ತೋಳು ಸೋಲುತ್ತದೆ. ಒಂದು ಸಂಜೆ ಆ ಟಣ್ ತಾನಾಗಿ ಬರುತ್ತದೆ, ಆಗ ಆಗುವ ಸಂತೋಷಕ್ಕೆ ಸಾಟಿಯಿಲ್ಲ.

ಪ್ರತಿ ಕಾರ್ಯಕ್ರಮಕ್ಕೂ ಹೊಸ ತಂತಿ ಹಾಕುವುದು ನಮ್ಮಂಥವರಿಗೆ ಸಾಧ್ಯವಿಲ್ಲ. ನುಡಿಸಿದ ಮೇಲೆ ಒಣಬಟ್ಟೆಯಿಂದ ಒರೆಸಿಟ್ಟರೆ ಫ್ಲಾಟ್‌ವೌಂಡ್ ಬಹಳ ಕಾಲ ಬಾಳುತ್ತದೆ. ಹಳತಾದಂತೆ ಅದು ಹ್ಯಾರಿಸ್ ಕಡೆಯಿಂದ ಮೆಲ್ಲಗೆ ಜೇಮರ್ಸನ್ ಕಡೆಗೆ ಹೊರಳುತ್ತದೆ, ‘ಗೀತಾ’ ಹಾಡುಗಳಿಗೆ ಇನ್ನಷ್ಟು ಒಗ್ಗುತ್ತದೆ. ಆದ್ದರಿಂದ ನೆಚ್ಚಿನ ವಾದಕರ ನಾದ ಬೇಕೆಂದು ಹೊರಟವರಿಗೆ ನಾನು ಹೇಳುವುದು ಒಂದೇ: ಅವರು ಯಾವ ತಂತಿ ಹಾಕುತ್ತಾರೆಂದು ಖಂಡಿತ ತಿಳಿಯಿರಿ, ಆದರೆ ಕೊಳ್ಳುವ ಮೊದಲು ಅವರು ಅದನ್ನು ಹೇಗೆ ಮುಟ್ಟುತ್ತಾರೆಂದು ನೋಡಿ. ಅವರ ಮುಟ್ಟುವಿಕೆಯನ್ನು ಕಲಿಯಲು ನಿಮ್ಮ ಬೆರಳಿಗೆ ಯಾವುದು ನೆರವಾಗುತ್ತದೋ, ನಿಮಗೆ ಅದೇ ಸರಿಯಾದ ತಂತಿ.