ಹಸಿರು ಚುಕ್ಕೆಯ ವರ್ಣಾಶ್ರಮ



ಮನೆಯಲ್ಲಿರುವ ಯಾವುದಾದರೂ ಬಿಸ್ಕತ್ ಪ್ಯಾಕೆಟ್ ತಗೊಂಡು ನೋಡಿ. ಸಣ್ಣದೊಂದು ಚೌಕ, ಅದರೊಳಗೆ ಹಸಿರು ಚುಕ್ಕೆ ಇರುತ್ತೆ. ಸಸ್ಯಾಹಾರ ಅಂತ ಅರ್ಥ. ನಮ್ಮ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ತಯಾರಾಗುವ ಮ್ಯಾಗಿ ಮಸಾಲಾ ಮೇಲೂ ಇದೆ. ಕೆಲವು ಟೂತ್‌ಪೇಸ್ಟಿಗೂ ಹಾಕಿದ್ದಾರೆ! ಮಾಂಸಾಹಾರಕ್ಕೆ ಕಂದು ಗುರುತು. ಮೊದಲು ಅದೂ ಚುಕ್ಕೆಯೇ ಆಗಿತ್ತು. ಬಣ್ಣ ಗುರುತಿಸಲು ಆಗದವರಿಗೂ ಗೊತ್ತಾಗಲಿ ಅಂತ 2020ರ ನಿಯಮದಲ್ಲಿ ಅದನ್ನು ತ್ರಿಕೋನ ಮಾಡಿದರು. ಒಳ್ಳೇದೇ ಮಾಡಿದರು.

ಪ್ರಶ್ನೆ ಇರೋದು ಬಣ್ಣದ್ದಲ್ಲ. ಯಾವುದು ಸಸ್ಯಾಹಾರ, ಯಾವುದು ಮಾಂಸಾಹಾರ ಅಂತ ತೀರ್ಮಾನ ಮಾಡಿದ್ದು ಯಾರ ಅಡುಗೆಮನೆಯಲ್ಲಿ ಕೂತು?

ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಲೇಬಲ್ ನಿಯಮ ಓದಿ. ಪ್ರಾಣಿ, ಪಕ್ಷಿ, ಮೀನು, ಮೊಟ್ಟೆ, ಪ್ರಾಣಿಮೂಲದ ಯಾವ ಪದಾರ್ಥ ಇದ್ದರೂ ಅದು ಮಾಂಸಾಹಾರ. ಸರಿ. ಆಮೇಲೆ ಬರುತ್ತೆ ವಿನಾಯಿತಿ: ಹಾಲು, ಹಾಲಿನ ಪದಾರ್ಥ, ಜೇನುತುಪ್ಪ, ಜೇನುಮೇಣ, ಅರಗು. ಅರಗು ಅಂದರೆ ಗೊತ್ತಲ್ಲ, ಆಫೀಸಿನಲ್ಲಿ ಲಕೋಟೆಗೆ ಸೀಲ್ ಒತ್ತೋಕೆ ಕರಗಿಸ್ತೀವಲ್ಲ, ಆ ಜಾತಿಯದ್ದೇ. ಅರಗಿನ ಹುಳ ಸುರಿಸುವ ಅಂಟು ಅದು. ಮಿಠಾಯಿ, ಚಾಕೊಲೇಟ್ ಹೊಳೀಲಿ ಅಂತ ಬಳಿಯುತ್ತಾರೆ. ಹಸುವಿನ ಕೆಚ್ಚಲಿಂದ ಬಂದದ್ದು ಸಸ್ಯ. ಹುಳದ ಮೈಯಿಂದ ಬಂದದ್ದೂ ಸಸ್ಯ. ಕೋಳಿ ಇಟ್ಟ ಮೊಟ್ಟೆ ಮಾತ್ರ ಮಾಂಸ!

ಇನ್ನೂ ಒಂದು ತಮಾಷೆ ಇದೆ. ಪದಾರ್ಥದಲ್ಲಿ ಮೊಟ್ಟೆ ಬಿಟ್ಟು ಬೇರೆ ಮಾಂಸ ಇಲ್ಲದಿದ್ದರೆ, ‘ಮೊಟ್ಟೆ ಮಾತ್ರ ಇದೆ’ ಅಂತ ಕಂದು ಗುರುತಿನ ಜೊತೆ ಬರೆದುಕೊಳ್ಳೋಕೆ ಕಂಪನಿಗೆ ಅವಕಾಶ ಕೊಟ್ಟಿದ್ದರು. ‘ನಾವು ಅಷ್ಟೊಂದು ಕೆಳಗಿನವರಲ್ಲ ಸ್ವಾಮಿ’ ಅಂದ ಹಾಗೆ.

ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದರಲ್ಲ, ಅದು ಇಲ್ಲಿ ಪ್ಯಾಕೆಟ್ ಮೇಲೆ ಕೂತಿದೆ. ಮೇಲೆ ಹಾಲು ತುಪ್ಪ. ಅದರ ಕೆಳಗೆ ಮೊಟ್ಟೆ. ಅದಕ್ಕೂ ಕೆಳಗೆ ಕೋಳಿ, ಕುರಿ, ಮೀನು. ಊರಾಚೆ ನಿಲ್ಲಿಸಿರೋದು ದನದ ಮಾಂಸ. ಅದಕ್ಕೆ ಚುಕ್ಕೆಯಲ್ಲ, ಸೆಕ್ಷನ್ನು. ರಾಜ್ಯದ 2020ರ ಕಾಯ್ದೆ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟು ಬೇರೆ ದನವನ್ನು ತಿನ್ನೋದಕ್ಕೆ ಅಂತ ಕೊಯ್ದರೆ 3ರಿಂದ 7 ವರ್ಷ ಜೈಲು. ಒಂದೇ ಹಸು. ಹಾಲು ಕೊಟ್ಟರೆ ಹಸಿರು ಚುಕ್ಕೆ, ಮಾಂಸವಾದರೆ ಕಂಬಿ.

‘ಗ್ರಾಹಕರಿಗೆ ತಿಳಿಯುವ ಹಕ್ಕು ಇದೆ ಅಲ್ವಾ?’ ಅಂತ ಕೇಳ್ತೀರಿ. ಖಂಡಿತ ಇದೆ. 2021ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್, ಗೋರಕ್ಷಣೆಯ ಒಂದು ಟ್ರಸ್ಟ್ ಹಾಕಿದ್ದ ಅರ್ಜಿಯಲ್ಲಿ, ಪ್ರತಿ ಪದಾರ್ಥದ ಮೂಲ ಸಸ್ಯವೋ ಪ್ರಾಣಿಯೋ ಅಂತ ಪೂರ್ತಿ ತಿಳಿಸಬೇಕು ಎಂದಿತು. ಎಳ್ಳಷ್ಟು ಪ್ರಾಣಿಮೂಲ ಇದ್ದರೂ ಅದು ಮಾಂಸಾಹಾರ ಅಂತ ಹೇಳಿತು. ನನಗೇನೂ ತಕರಾರಿಲ್ಲ. ತಿನ್ನದವರ ತಟ್ಟೆಗೆ ಕದ್ದು ಹಾಕಬಾರದು.

ಅದೇ ಡಿಸೆಂಬರ್ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ ಏನಾಯ್ತು ನೆನಪಿದೆಯಾ? ಅಪೌಷ್ಟಿಕತೆ ಹೆಚ್ಚಿದ್ದ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಟ್ಟರು. ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಇತ್ತು. ಆದರೂ ಕೆಲವು ಮಠಾಧೀಶರು ಬೀದಿಗಿಳಿದರು. ತಿನ್ನದವರ ಹಕ್ಕಿಗೆ ಹೈಕೋರ್ಟ್ ಇತ್ತು. ತಿನ್ನೋ ಮಗುವಿನ ಹಕ್ಕಿಗೆ ಯಾರಿದ್ದರು? 2014ರ ಸರ್ಕಾರಿ ಸಮೀಕ್ಷೆಯಲ್ಲಿ ಕರ್ನಾಟಕದ ಸಸ್ಯಾಹಾರಿಗಳು ಸುಮಾರು ಶೇ 21 ಮಾತ್ರ. ಐದರಲ್ಲಿ ನಾಲ್ಕು ಜನ ತಿನ್ನೋರು. ಆದರೂ ನಾಚಿಕೊಳ್ಳೋದು ತಿನ್ನೋರೇ!

2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವು ಸೇರಿ ವಾರಕ್ಕೆ ಆರು ದಿನ ಮೊಟ್ಟೆ ಬಂತು. ದೊಡ್ಡ ಗೆಲುವು. ಆದರೆ ತಿ. ನರಸೀಪುರದ ಕಡೆ ಒಂದು ಶಾಲೆಯಲ್ಲಿ ನಾನು ಕಂಡಿದ್ದು ಹೇಳ್ತೀನಿ. ಮೊಟ್ಟೆಯವರು ಒಂದು ಸಾಲು, ಬಾಳೆಹಣ್ಣಿನವರು ಇನ್ನೊಂದು ಸಾಲು. ನಮ್ಮ ಕೇರಿಯ ಹುಡುಗಿಯೊಬ್ಬಳು ಬಾಳೆಹಣ್ಣಿನ ಸಾಲಿನಲ್ಲಿ ಕೂತಿದ್ದಳು. ಮನೇಲಿ ಮೊಟ್ಟೆ ಅಂದರೆ ಪ್ರಾಣ ಬಿಡೋ ಮಗು. ‘ಯಾಕವ್ವ, ಮೊಟ್ಟೆ ಬೇಡ್ವಾ?’ ಅಂದೆ. ‘ಮೊಟ್ಟೆ ತಿಂದ್ರೆ ನನ್ನ ಫ್ರೆಂಡು ಪಕ್ಕದಲ್ಲಿ ಕೂರ್ಸಲ್ಲ ಮಾವ’ ಅಂದಳು.

ಇಬ್ಬರೂ ಮಕ್ಕಳೇ, ಯಾರನ್ನೂ ಬೈಯಲ್ಲ. ಆ ಚುಕ್ಕೆ ಪ್ಯಾಕೆಟ್ ಮೇಲೆ ನಿಲ್ಲಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ. ಮೈಸೂರಲ್ಲಿ ಬಾಡಿಗೆ ಮನೆ ಹುಡುಕುವಾಗ ‘ನೀವು ವೆಜ್ಜಾ ನಾನ್‌ವೆಜ್ಜಾ’ ಅಂತ ಕೇಳ್ತಾರಲ್ಲ, ಆಗ ಕೇಳೋದು ಊಟವನ್ನಲ್ಲ, ಜಾತಿಯನ್ನು ಅಂತ ನಮಗೆಲ್ಲ ಗೊತ್ತು.

ನನ್ನ ಕೋರಿಕೆ ಎರಡೇ. ಪದಾರ್ಥದ ಹೆಸರನ್ನು ನೇರವಾಗಿ ಬರೀಲಿ: ಹಾಲಿದ್ದರೆ ಹಾಲು, ಮೊಟ್ಟೆ ಇದ್ದರೆ ಮೊಟ್ಟೆ, ಹುಳದ ಅರಗಿದ್ದರೆ ಹುಳದ ಅರಗು. ತಿನ್ನಬೇಕೋ ಬೇಡವೋ ಓದಿದವರು ತೀರ್ಮಾನ ಮಾಡ್ತಾರೆ. ಎರಡನೇದು ಇನ್ನೂ ಸುಲಭ, ನಾವೇ ಮಾಡಬಹುದು. ಈ ವಾರ ನಿಮ್ಮೂರಿನ ಶಾಲೆಗೆ ಊಟದ ಹೊತ್ತಿಗೆ ಹೋಗಿ. ಎರಡು ಸಾಲು ಕಂಡರೆ ಎಸ್‌ಡಿಎಂಸಿ ಸಭೆಯಲ್ಲಿ ಎತ್ತಿ: ಒಂದೇ ಸಾಲು ಇರಲಿ, ಮಗು ಕೂತಲ್ಲಿಗೇ ಮೊಟ್ಟೆಯೋ ಹಣ್ಣೋ ಬರಲಿ. ಹೋಗಿ ನೋಡಿದವರು ಕೆಳಗೆ ಬರೆಯಿರಿ.