ಬಾಗಿಲು ಮುಚ್ಚಿದವಳು ನಾನೇ

ಮಕ್ಕಳು ಕಂಪ್ಯೂಟರ್ ಮುಂದೆ ಕುಳಿತರೆ ನಮ್ಮಂತಹ ತಾಯಂದಿರಿಗೆ ಸಿಟ್ಟು ನೆತ್ತಿಗೇರುತ್ತದೆ. ನಾನೂ ಅದಕ್ಕೆ ಹೊರತಲ್ಲ. ಕಳೆದ ವರ್ಷ ಒಂದು ಶುಕ್ರವಾರ ಸಂಜೆ ಎಂಟನೆಯ ತರಗತಿಯ ನನ್ನ ಮಗ, "ಉಮ್ಮಾ, ಬಾಪಾನಿಗೆ ಗೇಮ್ ಕನೆಕ್ಟ್ ಆಗ್ತಾ ಇಲ್ಲ" ಎಂದು ಮುಖ ಸಣ್ಣದು ಮಾಡಿಕೊಂಡು ಅಡುಗೆ ಮನೆಗೆ ಬಂದ. "ಒಳ್ಳೆಯದೇ ಆಯಿತು. ಪುಸ್ತಕ ತೆಗೆದು ಓದು" ಎಂದುಬಿಟ್ಟೆ. ಅವನು ಮಾತಾಡದೆ ಹೋದ.

ನನ್ನವರು ದಮಾಮ್‌ನಲ್ಲಿದ್ದಾರೆ. ಮಗನಿಗೆ ಮೂರು ವರ್ಷ ತುಂಬುವಾಗ ಹೋದವರು. ವರ್ಷಕ್ಕೊಮ್ಮೆ ಒಂದು ತಿಂಗಳು ಬಂದು ಹೋಗುತ್ತಾರೆ. ದಿನವೂ ಫೋನ್ ಮಾಡುತ್ತಾರೆ. "ಊಟ ಆಯ್ತಾ?" "ಹೂಂ." "ಓದಿದೆಯಾ?" "ಹೂಂ." ತಂದೆ ಮಗನ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಎರಡು ವರ್ಷಗಳ ಹಿಂದೆ ರಜೆಯಲ್ಲಿ ಬಂದಾಗ ಅವರು ಮಗನಿಂದ ಮೈನ್‌ಕ್ರಾಫ್ಟ್ ಎಂಬ ಆಟ ಕಲಿತರು. ಕಲ್ಲು, ಮರ, ಮಣ್ಣಿನ ಚೌಕಗಳನ್ನು ಒಂದರ ಮೇಲೊಂದು ಇಟ್ಟು ಮನೆ, ತೋಟ, ಸೇತುವೆ ಕಟ್ಟುವ ಆಟ. ಅಲ್ಲಿ ಶುಕ್ರವಾರ ರಜೆ. ಜುಮಾ, ಊಟ ಮುಗಿಸಿ ಅವರು ಎರಡು ಗಂಟೆಗೆ ಲ್ಯಾಪ್‌ಟಾಪ್ ತೆರೆದರೆ ಇಲ್ಲಿ ನಾಲ್ಕೂವರೆ, ಮಗ ಶಾಲೆಯಿಂದ ಬಂದಿರುತ್ತಿದ್ದ. ಆಟ ನಡೆಯುವುದು ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ. ಅವರು ಅಲ್ಲಿಂದ ಅದರೊಳಗೆ ಬಂದು ಸೇರುತ್ತಿದ್ದರು. ಪಕ್ಕದಲ್ಲಿ ಫೋನಿನ ಸ್ಪೀಕರ್ ಹಾಕಿಟ್ಟು ಇಬ್ಬರೂ ಮನೆ ಕಟ್ಟುತ್ತಿದ್ದರು. ನನಗೆ ಅದು ಕಾಲಹರಣವಾಗಿಯೇ ಕಂಡಿತ್ತು.

ಆಟ ನಿಂತು ಮೂರು ಶುಕ್ರವಾರ ಕಳೆಯಿತು. ಆ ರಾತ್ರಿ ನನ್ನವರು ಫೋನಿನಲ್ಲಿ ಹೇಳಿದರು, "ಆಟದ ಆಸೆ ನನಗೇನೂ ಇಲ್ಲ. ಕೈಗೆ ಕೆಲಸ ಇದ್ರೆ ಅವನು ಬಾಯಿ ಬಿಡ್ತಾನೆ. ಕ್ಲಾಸಿನಲ್ಲಿ ಒಬ್ಬ ಹುಡುಗ ಹೊಡೀತಾನೆ ಅಂತ ಹೇಳಿದ್ದ. ಮತ್ತೆ ಏನಾಯ್ತೋ ಗೊತ್ತಿಲ್ಲ. ಫೋನಿನಲ್ಲಿ ಕೇಳಿದ್ರೆ ಬರೀ ಹೂಂ." ಒಂದೇ ಸೂರಿನಡಿ ಇರುವ ನನಗೆ ಗೊತ್ತಿಲ್ಲದ ವಿಷಯ ಸಮುದ್ರದಾಚೆ ಇರುವವರಿಗೆ ಗೊತ್ತಿತ್ತು! ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನವೇ ಇಂಟರ್‌ನೆಟ್ ಕಂಪೆನಿಗೆ ಫೋನ್ ಮಾಡಿದೆ. ರೂಟರ್ ಆಫ್ ಮಾಡಿ ಆನ್ ಮಾಡಿ ಎಂದರು. ನಾಲ್ಕು ಸಲ ಮಾಡಿದೆ. ಪಕ್ಕದ ಮನೆಯ ಹುಡುಗ, "ಆಂಟಿ, ಫೈರ್‌ವಾಲ್ ಪೂರ್ತಿ ಆಫ್ ಮಾಡಿಬಿಡಿ, ಎಲ್ಲ ಸರಿಯಾಗ್ತದೆ" ಎಂದ. ಅದೇ ಹೊತ್ತಿಗೆ ಬಂದ ನನ್ನ ತಮ್ಮ ತಡೆದ. "ಒಬ್ಬ ನೆಂಟ ಬರ್ಲಿಕ್ಕೆ ಮನೆಯ ಬಾಗಿಲನ್ನೇ ಕಿತ್ತು ಹಾಕ್ತೀಯಾ? ಬ್ಯಾಂಕಿನ ಕೆಲಸವನ್ನೂ ನೀನು ಇದೇ ಕಂಪ್ಯೂಟರಿನಲ್ಲಿ ಮಾಡೋದಲ್ವಾ? ಮೊದಲು ತೊಂದರೆ ಮನೆಯ ಒಳಗೋ ಹೊರಗೋ ನೋಡು" ಎಂದ.

ಅವನು ತನ್ನ ಲ್ಯಾಪ್‌ಟಾಪನ್ನು ನಮ್ಮ ವೈಫೈಗೆ ಸೇರಿಸಿ ಮಗನ ಆಟಕ್ಕೆ ಬರಲು ನೋಡಿದ. ಅವನಿಗೂ ಬರಲಾಗಲಿಲ್ಲ. ಅಂದರೆ ಮೊದಲ ಬೀಗ ಮನೆಯೊಳಗೇ ಇತ್ತು. ಕಂಪ್ಯೂಟರಿನ ಫೈರ್‌ವಾಲ್‌ನಲ್ಲಿ ಯಾವ ಯಾವ ಪ್ರೋಗ್ರಾಮಿಗೆ ಅನುಮತಿ ಇದೆ ಎಂಬ ಪಟ್ಟಿ ಇರುತ್ತದೆ. ಈ ಆಟ ನಡೆಯುವುದು ಜಾವಾ ಎಂಬ ಪ್ರೋಗ್ರಾಮಿನ ಮೂಲಕ. ಅದರ ಮುಂದೆ 'ಬ್ಲಾಕ್' ಎಂದಿತ್ತು. "ಇದನ್ನು ಯಾರು ಮಾಡಿದ್ದು?" ಎಂದ ತಮ್ಮ.

ನನಗೆ ಥಟ್ಟನೆ ನೆನಪಾಯಿತು. ಒಂದು ದಿನ ಪರದೆಯ ಮೇಲೆ ಅನುಮತಿ ಕೊಡಬೇಕೇ ಎಂಬ ಪ್ರಶ್ನೆಯೊಂದು ಬಂದಿತ್ತು. ಏನೆಂದು ಓದದೆ ನಾನು ಕ್ಯಾನ್ಸಲ್ ಒತ್ತಿದ್ದೆ. ಕ್ಯಾನ್ಸಲ್ ಒತ್ತಿದರೆ ಆ ಪ್ರೋಗ್ರಾಮಿಗೆ ಹೊರಗಿನಿಂದ ಯಾರೂ ಬರದಂತೆ ತಡೆ ಬೀಳುತ್ತದೆ ಎಂದು ಆಗ ತಿಳಿದಿರಲಿಲ್ಲ. ಮಗ ಪಕ್ಕದಲ್ಲೇ ನಿಂತಿದ್ದ. "ನಾನೇ ಮಾಡಿದ್ದು ಮೋನೇ" ಎಂದೆ. ಅವನು ನಕ್ಕ. ಮೂರು ವಾರಗಳ ನಂತರ ನಕ್ಕದ್ದು.

ಜಾವಾಕ್ಕೆ ಮಾತ್ರ, ಅದೂ ಮನೆಯ ನೆಟ್‌ವರ್ಕಿನಲ್ಲಿ ಮಾತ್ರ ಅನುಮತಿ ಕೊಟ್ಟೆವು. ತಮ್ಮನ ಲ್ಯಾಪ್‌ಟಾಪ್ ಒಳಗೆ ಬಂತು. ಆದರೆ ದಮಾಮ್‌ನಿಂದ ಇನ್ನೂ ಬರಲಾಗಲಿಲ್ಲ.

ತಮ್ಮ ಹೇಳಿಕೊಟ್ಟದ್ದನ್ನು ನಿಮಗೂ ಹೇಳುತ್ತೇನೆ. ರೂಟರ್ ಎಂದರೆ ದೊಡ್ಡ ಕಟ್ಟಡದ ವಾಚ್‌ಮ್ಯಾನ್ ಇದ್ದಂತೆ. ಹೊರಗಿನವರಿಗೆ ಗೊತ್ತಿರುವುದು ಕಟ್ಟಡದ ವಿಳಾಸ ಮಾತ್ರ. ಒಳಗಿನವರು ಕಳುಹಿಸಿದ ಪತ್ರಕ್ಕೆ ಉತ್ತರ ಬಂದರೆ ಅವನು ಸರಿಯಾದ ಕೋಣೆಗೆ ತಲುಪಿಸುತ್ತಾನೆ. ಹೊರಗಿನವರು ತಾವಾಗಿ ಬಂದರೆ ಯಾವ ಕೋಣೆಗೆ ಬಿಡಬೇಕೆಂದು ತಿಳಿಯದೆ ವಾಪಸು ಕಳುಹಿಸುತ್ತಾನೆ. ಹಾಗಾಗಿ ಈ ಆಟದ ಬಾಗಿಲಿನ ಸಂಖ್ಯೆ 25565ಕ್ಕೆ ಬಂದವರನ್ನು ಮಗನ ಕಂಪ್ಯೂಟರಿಗೆ ಬಿಡು ಎಂದು ರೂಟರಿನಲ್ಲಿ ಬರೆದಿಡಬೇಕು. ಹಳೆಯ ಕನೆಕ್ಷನ್‌ನಲ್ಲಿ ನನ್ನವರು ಹೀಗೆ ಬರೆದಿಟ್ಟು ಹೋಗಿದ್ದರು. ನಾವು ಫೈಬರ್‌ಗೆ ಬದಲಾದಾಗ ಹೊಸ ರೂಟರ್ ಬಂದಿತ್ತು. ಅದರಲ್ಲೂ ಬರೆದೆವು. ರೂಟರಿನ ಪಾಸ್‌ವರ್ಡ್ ಅದು ಬಂದಾಗ ಇದ್ದಂತೆಯೇ ಇತ್ತು, ಅದನ್ನೂ ಬದಲಿಸಿದೆವು.

ಆದರೂ ಆಗಲಿಲ್ಲ. ಆಗ ತಮ್ಮ ರೂಟರಿನ ಪುಟದಲ್ಲಿ ಕಂಪೆನಿ ಕೊಟ್ಟ ವಿಳಾಸ ನೋಡಿದ. ಅದು 100.72 ಎಂದು ಆರಂಭವಾಗುತ್ತಿತ್ತು. 100.64ರಿಂದ 100.127ರವರೆಗಿನವು ಕಂಪೆನಿಗಳು ತಮ್ಮೊಳಗೆ ಹಂಚಿಕೊಳ್ಳಲೆಂದೇ 2012ರಲ್ಲಿ ಮೀಸಲಾದ ವಿಳಾಸಗಳಂತೆ. ಜಗತ್ತಿನಲ್ಲಿ ಹಳೆಯ ಮಾದರಿಯ ಇಂಟರ್‌ನೆಟ್ ವಿಳಾಸಗಳಿರುವುದು ಸುಮಾರು 430 ಕೋಟಿ. ಅವು ಸಾಲದೆ ಎಷ್ಟೋ ಕಂಪೆನಿಗಳು ಒಂದೇ ವಿಳಾಸದಲ್ಲಿ ಹಲವಾರು ಮನೆಗಳನ್ನು ಕೂರಿಸುತ್ತವೆ. ಅಂದರೆ ನಮ್ಮ ವಾಚ್‌ಮ್ಯಾನ್‌ನ ಹೊರಗೆ ಕಂಪೆನಿಯ ಇನ್ನೊಬ್ಬ ವಾಚ್‌ಮ್ಯಾನ್! ನನ್ನವರು ಆ ದೊಡ್ಡ ಗೇಟಿನಲ್ಲೇ ನಿಂತುಬಿಡುತ್ತಿದ್ದರು. ನಾವು ಒಳಗೆ ಏನು ಮಾಡಿದರೂ ಪ್ರಯೋಜನವಿರಲಿಲ್ಲ.

ಮತ್ತೆ ಕಂಪೆನಿಗೆ ಫೋನ್ ಮಾಡಿದೆ. ಈ ಸಲ ನನಗೆ ಕೇಳಲು ಗೊತ್ತಿತ್ತು. "ನಮಗೆ ಪಬ್ಲಿಕ್ ಐಪಿ ಬೇಕು" ಎಂದೆ. ಆ ಕಡೆಯವರು ಕ್ಷಣ ಸುಮ್ಮನಿದ್ದು, ತಿಂಗಳಿಗೆ ಸ್ವಲ್ಪ ಹೆಚ್ಚು ಹಣವಾಗುತ್ತದೆ ಎಂದರು. ಒಪ್ಪಿಕೊಂಡೆ. ಬಾಗಿಲು ತೆರೆದಿದ್ದರೆ ಗುರುತಿಲ್ಲದವರೂ ಬರಬಹುದು. ಆದ್ದರಿಂದ ಆಟದೊಳಗೆ ಬರಬಹುದಾದವರ ಪಟ್ಟಿ ಮಾಡಿ ತಂದೆಯ ಹೆಸರನ್ನು ಮಾತ್ರ ಸೇರಿಸಿದೆವು.

ಆ ಶುಕ್ರವಾರ ನಾಲ್ಕೂವರೆಗೆ ನಾನೂ ಕುರ್ಚಿ ಎಳೆದು ಕುಳಿತೆ. ಪರದೆಯ ಮೇಲೆ ನನ್ನವರ ಹೆಸರು ಮೂಡಿತು. ಫೋನಿನಲ್ಲಿ "ಅಸ್ಸಲಾಮು ಅಲೈಕುಂ" ಎಂಬ ದನಿ ಕೇಳಿತು. ಇಬ್ಬರೂ ಅರ್ಧಕ್ಕೆ ನಿಂತಿದ್ದ ಮಾಡು ಹೊದಿಸತೊಡಗಿದರು. ಕಾಲು ಗಂಟೆ ಕಳೆದಿರಬೇಕು, ಮಗ ಪರದೆಯಿಂದ ಕಣ್ಣು ತೆಗೆಯದೆಯೇ, "ಬಾಪಾ, ಆ ಹುಡುಗ ಈಗಲೂ ಹೊಡೀತಾನೆ" ಎಂದ. ನಾನು ಉಸಿರು ಬಿಗಿಹಿಡಿದು ಕೇಳಿದೆ. ಸೋಮವಾರ ಶಾಲೆಗೆ ಹೋಗಿ ಟೀಚರನ್ನು ಕಂಡು ಮಾತಾಡಿದೆ.

ಈಗಲೂ ನಮ್ಮ ಮನೆಯಲ್ಲಿ ಆಟಕ್ಕೆ ಲೆಕ್ಕವಿದೆ. ಶುಕ್ರವಾರ ಒಂದು ಗಂಟೆ, ಮಗ್‌ರಿಬ್‌ಗೆ ಬಹಳ ಮೊದಲೇ ಕಂಪ್ಯೂಟರ್ ಬಂದ್. ಮಕ್ಕಳ ಮೇಲೆ ಕಣ್ಣಿಡಬೇಕೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಪರದೆಯ ಮೇಲೆ ಏನಾದರೂ ಪ್ರಶ್ನೆ ಬಂದರೆ ಈಗ ಓದದೆ ಕ್ಯಾನ್ಸಲ್ ಒತ್ತುವುದಿಲ್ಲ. ಮಗ ಮುಖ ಸಣ್ಣದು ಮಾಡಿಕೊಂಡು ಅಡುಗೆ ಮನೆಗೆ ಬಂದರೂ ಅಷ್ಟೆ, ಒಲೆ ಸಣ್ಣ ಮಾಡಿ, "ಏನಾಯ್ತು ಮೋನೇ?" ಎಂದು ಕೇಳುತ್ತೇನೆ.